ಎಮರ್ಜೆನ್ಸಿ ಬ್ಯಾಗಿನೊಳಗೆ ಮಲಗಿ ನೋಡಿದ ಮೇಲೆ

ಅಂಗೈಯಲ್ಲಿ ಹಿಡಿಸುವ ಬೆಳ್ಳಿ ಬಣ್ಣದ ಒಂದು ಪೊಟ್ಟಣ ಮೂರು ವರ್ಷ ನನ್ನ ಬ್ಯಾಕ್‌ಪ್ಯಾಕಿನ ತಳದಲ್ಲಿ ಬಿದ್ದಿತ್ತು. ಸುಮಾರು 100 ಗ್ರಾಂ. ಕಷ್ಟಕಾಲಕ್ಕೆ ಇರಲಿ ಅಂತ ತಂದಿಟ್ಟ ಎಮರ್ಜೆನ್ಸಿ ಬ್ಯಾಗ್, ಅಂದರೆ ಚಳಿಯಲ್ಲಿ ಸಿಕ್ಕಿಬಿದ್ದರೆ ಒಳಗೆ ತೂರಿ ಮಲಗುವ ತೆಳು ಚೀಲ. ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿದರೆ ಮತ್ತೆ ಅಷ್ಟು ಚಿಕ್ಕದಾಗಿ ಮಡಚಲು ಬರುವುದಿಲ್ಲ, ಸುಮ್ನೆ ಯಾಕೆ ಅಂತ.

ಕೊನೆಗೂ ಒಂದು ಚಳಿಗಾಲದ ಕ್ಯಾಂಪಿನಲ್ಲಿ ಬಿಚ್ಚಿದೆ. ಅಪಾಯವೇನೂ ಇರಲಿಲ್ಲ. ಪಕ್ಕದಲ್ಲೇ ಟೆಂಟು, ಅದರೊಳಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗು. ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿತ್ತು. ಇದರಲ್ಲಿ ಒಂದು ರಾತ್ರಿ ಕಳೆಯಲು ಆಗುತ್ತಾ ನೋಡೋಣ ಅನ್ನುವ ಹುಚ್ಚು, ಅಷ್ಟೆ. ಮಡಿಕೆಯ ಗೆರೆಗಳಲ್ಲಿ ಬೆಳ್ಳಿ ಲೇಪ ಆಗಲೇ ಉದುರಿತ್ತು. ಹಾಳೆಗೆ ಹಾಳೆ ಅಂಟಿಕೊಂಡು, ಬಾಯಿ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ಬೂಟು ಹಾಕಿದ ಕಾಲು ತೂರಿಸಿದೆ, ಹಿಮ್ಮಡಿ ತಾಗಿ ಬೆರಳುದ್ದ ಹರಿಯಿತು. ಮಗ್ಗುಲು ಬದಲಿಸಿದಾಗ ಅದೇ ಹರುಕು ಮೊಣಕಾಲಿನವರೆಗೆ ಓಡಿತು. ಈ ಹಾಳೆಯ ಗುಣವೇ ಹಾಗೆ. ಎಳೆದರೆ ಗಟ್ಟಿ, ಒಂದು ಗೀರು ಬಿದ್ದರೆ ಮುಗೀತು.

ಮೊದಲ ಅರ್ಧ ಗಂಟೆ ಬೆಚ್ಚಗೇ ಇತ್ತು. ಆಮೇಲೆ ಬೆನ್ನು ಕೊರೆಯತೊಡಗಿತು. ಟಾರ್ಚ್ ಹಾಕಿ ನೋಡಿದರೆ ಒಳಮೈ ತುಂಬ ನೀರಿನ ಹನಿ, ಜಾಕೆಟ್ಟಿನ ತೋಳು ಒದ್ದೆ. ಮಳೆ ಇಲ್ಲ, ಇಬ್ಬನಿಯೂ ಒಳಗೆ ಬಂದಿಲ್ಲ. ಎಲ್ಲ ನನ್ನದೇ ಬೆವರು, ನನ್ನದೇ ಉಸಿರು. ಎರಡು ಗಂಟೆಗೆ ಸೋತು ಟೆಂಟಿಗೆ ಹೋದೆ.

ಯಾಕೆ ಹೀಗಾಯಿತು ಅಂತ ಯೋಚಿಸಿದರೆ ಬ್ಯಾಗಿನ ತಪ್ಪೇನೂ ಇಲ್ಲ. ತೆಳು ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಲೇಪ ಹಚ್ಚಿದ ಈ ಹೊದಿಕೆಯನ್ನು ನಾಸಾ 1964ರಲ್ಲಿ ಬಾಹ್ಯಾಕಾಶದ ಕೆಲಸಕ್ಕಾಗಿ ರೂಪಿಸಿತು. ಅಲ್ಲಿ ಬೆನ್ನಿಗೆ ತಾಗುವ ನೆಲವೂ ಇಲ್ಲ, ಬೀಸುವ ಗಾಳಿಯೂ ಇಲ್ಲ. ಮೈಯಿಂದ ಸೂಸುವ ಶಾಖವನ್ನು ಅದು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ನಡುವೆ ಒಂದಿಷ್ಟು ಜಾಗ ಇದ್ದರೆ ಮಾತ್ರ. ಮೈಭಾರಕ್ಕೆ ನೆಲಕ್ಕೆ ಒತ್ತಿಕೊಂಡ ಕಡೆ ಕನ್ನಡಿಯೂ ಇಲ್ಲ, ಎಂಥದೂ ಇಲ್ಲ. ಶಾಖ ನೇರ ಮಣ್ಣಿಗೆ ಇಳಿಯುತ್ತದೆ. ಸಾಲದ್ದಕ್ಕೆ ಒಳಗೆ ಹನಿಗಟ್ಟಿದ ನೀರು ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಗಾಳಿ ತಡೆಯಲು, ಒಂದೆರಡು ಗಂಟೆ ದೂಡಲು ಇದು ಸಾಕು. ರಾತ್ರಿಗೆ ಸಾಲದು.

ಹಾಗಾಗಿ ಒಳಗೆ ದಪ್ಪ ಪದರ ಇರುವ ಬ್ಯಾಗ್ ಹುಡುಕಲು ಹೊರಟೆ. ಕೆಲವಕ್ಕೆ ಗಾಳಿಗುಳ್ಳೆಯ ಪದರ, ಕೆಲವಕ್ಕೆ ಪಾಲಿಯೆಸ್ಟರ್ ತುಂಬಿರುತ್ತದೆ. ಹಕ್ಕಿಯ ಪುಕ್ಕ ತುಂಬಿದ್ದನ್ನು ಮುಟ್ಟಲೇ ಇಲ್ಲ. ಒಣಗಿದ್ದಾಗ ಅದಕ್ಕೆ ಸಾಟಿಯಿಲ್ಲ, ನಿಜ. ಆದರೆ ಒದ್ದೆಯಾದರೆ ಮುದ್ದೆ. ಎಮರ್ಜೆನ್ಸಿ ಬರುವುದೇ ಒದ್ದೆಯಾದಾಗ ಅಲ್ವಾ?

ಹೊರಗಿನ ಚೀಟಿಯಲ್ಲಿ ಇಷ್ಟು ಡಿಗ್ರಿವರೆಗೆ ಅಂತ ಬರೆದಿರುತ್ತಾರೆ. ಸ್ಲೀಪಿಂಗ್ ಬ್ಯಾಗಿಗಾದರೆ ಐಎಸ್‌ಒ 23537 ಅನ್ನುವ ಅಳತೆ ಇದೆ. ಅದರಲ್ಲೂ ತೀರಾ ಕೊನೆಯ ಅಂಕಿಗೆ ಅರ್ಥ ಆರು ಗಂಟೆ ಜೀವ ಉಳಿಯುತ್ತದೆ ಅಂತ ಮಾತ್ರ, ನಿದ್ದೆ ಬರುತ್ತದೆ ಅಂತಲ್ಲ. ಅಂಥ ಅಳತೆಯ ಹೆಸರೇ ಇಲ್ಲದ ಅಂಕಿಯನ್ನು ನಾನು ಓದುವುದೇ ಬಿಟ್ಟೆ. ಬದಲಿಗೆ ಗೆಳೆಯರಿಂದ ಮೂರು ಬ್ಯಾಗ್ ಕೇಳಿ ತಂದು ಮನೆಯಲ್ಲೇ ಪರೀಕ್ಷೆ ಮಾಡಿದೆ.

ಪರೀಕ್ಷೆ ಇಷ್ಟೇ. ಐಸ್ ಹಾಕಿದ ಬಕೆಟ್ಟಿನಲ್ಲಿ ಎರಡು ನಿಮಿಷ ಕೈ ಇಟ್ಟೆ. ಬೆರಳು ಮರಗಟ್ಟಿದ ಮೇಲೆ ಲೈಟ್ ಆರಿಸಿ ಬ್ಯಾಗ್ ಬಿಚ್ಚಿ ಒಳಗೆ ಹೋಗಬೇಕು. ಮೊದಲನೆಯದರ ಪೊಟ್ಟಣವನ್ನು ಹಲ್ಲಿನಿಂದ ಹರಿಯಬೇಕಾಯಿತು. ಎರಡನೆಯದರ ಜಿಪ್ಪಿನ ತುದಿ ಅಕ್ಕಿಕಾಳಿನಷ್ಟು, ಬೆರಳಿಗೆ ಸಿಗಲೇ ಇಲ್ಲ. ಮೂರನೆಯದಕ್ಕೆ ಜಿಪ್ಪೇ ಇಲ್ಲ. ಅಗಲವಾದ ಬಾಯಿ, ಎಳೆದು ಬಿಗಿಯುವ ದಪ್ಪ ದಾರ. ಬೂಟು ಹಾಕಿಕೊಂಡೇ ಒಂದು ನಿಮಿಷದೊಳಗೆ ಒಳಗಿದ್ದೆ. ಕತ್ತಲಲ್ಲಿ ನನ್ನ ಒದ್ದಾಟ ಕೇಳಿ ಮನೆಯವರು ಏನಾಯಿತೋ ಅಂತ ಓಡಿ ಬಂದಿದ್ದರು.

ಮೂರನೆಯದು ಗೆದ್ದಿದ್ದಕ್ಕೆ ಇನ್ನೊಂದು ಕಾರಣ ಅಗಲ. ಬ್ಯಾಗ್ ಇಕ್ಕಟ್ಟಾದರೆ ಜಾಕೆಟ್ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೋಗುತ್ತದೆ. ಗಾಳಿ ಹೋದರೆ ಬಿಸಿಯೂ ಹೋದ ಹಾಗೆ. ಇದರಲ್ಲಿ ಫೋಮ್ ಚಾಪೆಯನ್ನೂ ಒಳಗೇ ಹಾಸಬಹುದು. ಜಾರುವ ಕಾಟ ಇಲ್ಲ. ಚಾಪೆಗಳ ಆರ್ ವ್ಯಾಲ್ಯೂ, ಅಂದರೆ ಶಾಖವನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, ಒಂದಕ್ಕೊಂದು ಕೂಡುತ್ತದೆ. ಎರಡರ ಎರಡು ಚಾಪೆ ಹಾಕಿದರೆ ನಾಲ್ಕು. ಬ್ಯಾಗಿಗೆ ಖರ್ಚು ಮಾಡುವ ಮೊದಲು ಕೆಳಗಿನ ಚಾಪೆ ನೋಡಿ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ತೂಕ ಮಾತ್ರ ಜಾಸ್ತಿ, 900 ಗ್ರಾಂ. ಅದೇ ಥರದ್ದನ್ನು ಕೊಂಡು ಚಾರಣಕ್ಕೆ ಹೊತ್ತಾಗ ಗೆಳೆಯನೊಬ್ಬ ನಕ್ಕ. ಮುಂದಿನ ಸಲ ತೊರೆ ದಾಟುವಾಗ ಜಾರಿ ಸೊಂಟದವರೆಗೆ ನೆನೆದವನೂ ಅವನೇ. ಮೊದಲು ಜೋರಾಗಿ ನಡುಗುತ್ತಿದ್ದ. ಸ್ವಲ್ಪ ಹೊತ್ತಿಗೆ ಮಾತು ತೊದಲಿತು, ತನ್ನ ಬಟನ್ ತಾನೇ ಬಿಚ್ಚಲು ಆಗಲಿಲ್ಲ. ಇನ್ನು ತಡ ಮಾಡುವ ಹಾಗಿರಲಿಲ್ಲ. ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ತೊಡಿಸಿ, ಚಾಪೆ ಸಮೇತ ಬ್ಯಾಗಿಗೆ ಸೇರಿಸಿದೆವು. ಬ್ಯಾಗ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ. ಅವನಲ್ಲಿ ಆಗ ಜಾಸ್ತಿ ಬಿಸಿ ಉಳಿದಿರಲಿಲ್ಲ. ಒಲೆಯನ್ನು ದೂರದಲ್ಲಿ, ಬಯಲಲ್ಲಿ ಹಚ್ಚಿ (ಬ್ಯಾಗಿನ ಬಾಯಿಯ ಹತ್ತಿರ ಖಂಡಿತ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ) ಬಾಟಲಿಗೆ ಬಿಸಿ ನೀರು ತುಂಬಿ, ಬಟ್ಟೆ ಸುತ್ತಿ ಎದೆಯ ಮೇಲಿಟ್ಟೆವು. ಮುಖ ಹೊರಗೇ ಇರುವಂತೆ ದಾರ ಬಿಗಿದೆ. ಉಸಿರು ಒಳಗೆ ಬಿಟ್ಟರೆ ಮತ್ತೆ ಅದೇ ಹನಿಗಳ ಕಥೆ.

ಮುಕ್ಕಾಲು ಗಂಟೆಗೆ ಅವನು ನನ್ನನ್ನು ಬೈಯುವಷ್ಟು ಸರಿಯಾದ. ಬಾಟಲಿ ತುಂಬ ಬಿಸಿ ಇತ್ತಂತೆ.

ಬೆಳಿಗ್ಗೆ ಬ್ಯಾಗನ್ನು ಒಳಹೊರಗು ಮಾಡಿ ಕೊಂಬೆಗೆ ನೇತುಹಾಕಿದೆ. ಒಳಗೆ ಪಸೆ ಇತ್ತು, ಆದರೆ ಪಾಲಿಯೆಸ್ಟರ್ ಮುದ್ದೆಯಾಗಿರಲಿಲ್ಲ. ಮತ್ತೆ ಅದರ ಪೊಟ್ಟಣಕ್ಕೆ ಮಡಚಿ ತುಂಬುವುದು ನನ್ನ ಕೈಲಿ ಆಗಲಿಲ್ಲ. ಹಾಗೇ ಒಂದು ದೊಡ್ಡ ಚೀಲಕ್ಕೆ ತುರುಕಿ, ಬ್ಯಾಕ್‌ಪ್ಯಾಕಿನ ತಳಕ್ಕಲ್ಲ, ಎಲ್ಲಕ್ಕಿಂತ ಮೇಲೆ ಇಟ್ಟೆ.