ಬ್ಲೂಸ್ ಗಿಟಾರಿನಲ್ಲಿ ಸರ್ಕಲ್ ಆಫ್ ಫೋರ್ತ್ಸ್: ಒಂದೊಂದೇ ಫ್ರೆಟ್ ಇಳಿಯುವ ಎರಡು ಸ್ವರಗಳು

ಮಂಗಳೂರು, ಉಡುಪಿ ಕಡೆಯಲ್ಲಿ ಗಿಟಾರ್ ಕೈಗೆತ್ತಿಕೊಳ್ಳುವವರಲ್ಲಿ ಅನೇಕರು ಎರಡು ದಾರಿಗಳಿಂದ ಬಂದವರು. ಚರ್ಚಿನ ಕೊಯರ್‌ನಲ್ಲಿ ಹಾಡುತ್ತ ನುಡಿಸುತ್ತ ಬೆಳೆದವರಿಗೆ ಸಿ, ಎಫ್, ಜಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು) ಬೆರಳ ತುದಿಯಲ್ಲಿಯೇ ಇರುತ್ತವೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ, ಉಡುಪಿಯ ರಾಜಾಂಗಣದ ಕಛೇರಿಗಳನ್ನು ಕೇಳಿ ಬೆಳೆದವರಿಗೆ ಸ್ವರಸ್ಥಾನಗಳು ಕಿವಿಯಲ್ಲಿ ಗಟ್ಟಿಯಾಗಿ ನಿಂತಿರುತ್ತವೆ. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಬ್ಲೂಸ್ ಸಂಗೀತವನ್ನು ಕಲಿಯಲು ಹೊರಟಾಗ ಇಬ್ಬರೂ ಹನ್ನೆರಡು ಬಾರ್‌ಗಳ, ಅಂದರೆ ನಾಲ್ಕು ನಾಲ್ಕು ಎಣಿಕೆಗಳ ಹನ್ನೆರಡು ಆವರ್ತಗಳ, ಮೂಲ ಚೌಕಟ್ಟನ್ನು ಬೇಗನೆ ಹಿಡಿಯುತ್ತಾರೆ. ಆದರೆ ಅದೇ ಚೌಕಟ್ಟಿನ ಕೊನೆಯ ಬಾರ್‌ಗಳಲ್ಲಿ ಎ7, ಡಿ7, ಜಿ7, ಸಿ7 ಎಂದು ಕಾರ್ಡ್‌ಗಳು ಒಂದರ ಬೆನ್ನಿಗೆ ಒಂದು ಬರತೊಡಗಿದಾಗ ಕೈ ತಡವರಿಸುತ್ತದೆ. ಪ್ರತಿಯೊಂದು ಕಾರ್ಡನ್ನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿರುವುದೇ ಇದಕ್ಕೆ ಕಾರಣವೆಂದು ನನಗೆ ಅನಿಸುತ್ತದೆ. ಈ ಕಾರ್ಡ್‌ಗಳ ಒಳಗೆ ಎರಡು ಸ್ವರಗಳು ಪ್ರತಿ ಸಲವೂ ಒಂದೊಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಗೆರೆ, ಒಂದು ಫ್ರೆಟ್ ಎಂದರೆ ಅರ್ಧ ಸ್ವರ) ಇಳಿಯುತ್ತ ಹೋಗುತ್ತವೆ. ಆ ಇಳಿಕೆಯನ್ನು ಮೊದಲು ಕಂಡುಕೊಂಡರೆ ಉಳಿದದ್ದು ಬಹುಮಟ್ಟಿಗೆ ಅಭ್ಯಾಸದ ಮಾತು.

ಈ ಕಾರ್ಡ್‌ಗಳು ಬರುವ ಕ್ರಮವೇ ಸರ್ಕಲ್ ಆಫ್ ಫೋರ್ತ್ಸ್, ಅಂದರೆ ಮಧ್ಯಮದಿಂದ ಮಧ್ಯಮಕ್ಕೆ ಸಾಗುವ ಸುತ್ತು. ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವರಗಳ ಭಾಷೆಯಲ್ಲಿ ಹೇಳುವುದು ನಮಗೆ ಸುಲಭ. ಒಂದು ಷಡ್ಜವನ್ನು ಹಿಡಿದು ಅದರ ಶುದ್ಧ ಮಧ್ಯಮಕ್ಕೆ ಹೋಗಬೇಕು. ಆ ಮಧ್ಯಮವನ್ನೇ ಹೊಸ ಷಡ್ಜವೆಂದು ಭಾವಿಸಿ, ಮತ್ತೆ ಅದರ ಶುದ್ಧ ಮಧ್ಯಮಕ್ಕೆ ಹೋಗಬೇಕು. ಮಧ್ಯಮ ಶ್ರುತಿಯಲ್ಲಿ ಹಾಡುವವರು ಈ ಸ್ಥಳಾಂತರವನ್ನು ಒಂದು ಸಲ ಮಾಡಿ ಅಲ್ಲಿಯೇ ನಿಲ್ಲುತ್ತಾರೆ, ಇಲ್ಲಿ ಅದನ್ನು ನಿಲ್ಲಿಸದೆ ಮುಂದುವರಿಸುತ್ತೇವೆ. ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಗಿಟಾರಿನಲ್ಲಿ 5 ಫ್ರೆಟ್‌ಗಳ ಅಂತರವಿರುವುದರಿಂದ, ಸಿ ಸ್ವರದಿಂದ ಹೊರಟರೆ ಎಫ್, ಬಿ ಫ್ಲಾಟ್ (ಫ್ಲಾಟ್ ಎಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಎಂದರೆ ಅರ್ಧ ಸ್ವರ ಮೇಲೆ), ಇ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್, ಜಿ ಫ್ಲಾಟ್, ಬಿ, ಇ, ಎ, ಡಿ, ಜಿ ಎಂಬ ಕ್ರಮದಲ್ಲಿ ಹನ್ನೆರಡು ಸ್ವರಗಳನ್ನೂ ಮುಟ್ಟಿ, ಹನ್ನೆರಡನೆಯ ಹೆಜ್ಜೆಗೆ ಮರಳಿ ಸಿ ಸ್ವರಕ್ಕೆ ಬಂದು ಸೇರುತ್ತೇವೆ.

ಗಿಟಾರಿನ ಶ್ರುತಿಯೂ ಇದೇ ಲೆಕ್ಕದಲ್ಲಿದೆ. ದಪ್ಪ ತಂತಿಯಿಂದ ಆರಂಭಿಸಿದರೆ ಇ, ಎ, ಡಿ, ಜಿ ತಂತಿಗಳು ಒಂದಕ್ಕೊಂದು ಮಧ್ಯಮದ ಅಂತರದಲ್ಲಿವೆ. ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ಅದು ಅಂತರ ಗಾಂಧಾರದಷ್ಟು ಇದ್ದು, ಬಿ ಮತ್ತು ತೆಳುವಾದ ಇ ನಡುವೆ ಮತ್ತೆ ಮಧ್ಯಮವಾಗುತ್ತದೆ. ಆದ್ದರಿಂದ ಅತಿ ದಪ್ಪವಾದ ಆರನೆಯ ತಂತಿಯ ಯಾವುದೇ ಫ್ರೆಟ್‌ನಲ್ಲಿರುವ ಸ್ವರದ ಮಧ್ಯಮವು ಐದನೆಯ ತಂತಿಯ ಅದೇ ಫ್ರೆಟ್‌ನಲ್ಲಿ ಸಿಗುತ್ತದೆ. ಅಲ್ಲಿಂದ ಮುಂದಿನ ಮಧ್ಯಮಕ್ಕೆ ಆರನೆಯ ತಂತಿಗೇ ಹಿಂದಿರುಗಿ ಎರಡು ಫ್ರೆಟ್ ಕೆಳಗೆ, ಅಂದರೆ ಗಿಟಾರಿನ ತಲೆಯ ಕಡೆಗೆ, ಬಂದರೆ ಸಾಕು. ಆರನೆಯ ತಂತಿಯ 5ನೆಯ ಫ್ರೆಟ್‌ನಲ್ಲಿ ಎ, ಐದನೆಯ ತಂತಿಯ 5ರಲ್ಲಿ ಡಿ, ಆರನೆಯ ತಂತಿಯ 3ರಲ್ಲಿ ಜಿ, ಐದನೆಯ ತಂತಿಯ 3ರಲ್ಲಿ ಸಿ. ಮೊದಲು ಒಂದೇ ಬೆರಳಿನಿಂದ, ಕಾರ್ಡ್ ಇಲ್ಲದೆ, ಬರಿಯ ಈ ಮೂಲ ಸ್ವರಗಳನ್ನು ಹೆಸರು ಹೇಳುತ್ತ ನುಡಿಸಿ ನೋಡಬೇಕು. ಹೆಸರು ಬಾಯಲ್ಲಿ ಬರುವುದಕ್ಕೆ ಮೊದಲೇ ಬೆರಳು ಮುಂದೆ ಓಡುತ್ತಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು.

ಈಗ ಕಾರ್ಡ್‌ಗಳ ವಿಷಯ. ಬ್ಲೂಸ್‌ನ ಮುಖ್ಯ ಕಾರ್ಡ್‌ಗಳು ಸೆವೆನ್ತ್ ಜಾತಿಯವು, ಅಂದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ ಸೇರಿದವು. ಹರಿಕಾಂಭೋಜಿಯನ್ನು ಅಭ್ಯಾಸ ಮಾಡಿದವರಿಗೆ ಈ ನಾಲ್ಕೂ ಪರಿಚಿತ ಸ್ವರಗಳೇ. ಇವುಗಳಲ್ಲಿ ಪಂಚಮವನ್ನು ಬಿಟ್ಟುಬಿಡಬಹುದು, ಕಿವಿಗೆ ಅದರಿಂದ ನಷ್ಟವೇನೂ ಇಲ್ಲ. ಆರೂ ತಂತಿಗಳನ್ನು ಒತ್ತುವ ಬ್ಯಾರೆ ಕಾರ್ಡ್‌ಗಳಿಗಿಂತ ಮೂರೇ ಸ್ವರಗಳ ಈ ಸಣ್ಣ ರೂಪಗಳಿಂದ ಕಲಿಕೆಯನ್ನು ಆರಂಭಿಸುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬ್ಯಾರೆ ಕಾರ್ಡಿನ ದಟ್ಟವಾದ ನಾದದಲ್ಲಿ ಒಳಗಿನ ಚಲನೆ ಮುಚ್ಚಿಹೋಗುತ್ತದೆ.

ಮೊದಲ ರೂಪದಲ್ಲಿ ಮೂಲ ಸ್ವರ ಆರನೆಯ ತಂತಿಯ ಮೇಲಿರುತ್ತದೆ. ಎ7 ನುಡಿಸಲು ತೋರು ಬೆರಳನ್ನು ಆರನೆಯ ತಂತಿಯ 5ನೆಯ ಫ್ರೆಟ್‌ನಲ್ಲಿ, ನಡು ಬೆರಳನ್ನು ನಾಲ್ಕನೆಯ ತಂತಿಯ 5ನೆಯ ಫ್ರೆಟ್‌ನಲ್ಲಿ, ಉಂಗುರ ಬೆರಳನ್ನು ಮೂರನೆಯ ತಂತಿಯ 6ನೆಯ ಫ್ರೆಟ್‌ನಲ್ಲಿ ಇಡಬೇಕು. ಐದನೆಯ ತಂತಿ ಸದ್ದು ಮಾಡಬಾರದು. ನಡು ಬೆರಳಿನ ತುದಿಯನ್ನು ಅದಕ್ಕೆ ಹಗುರವಾಗಿ ತಾಗಿಸಿದರೆ ಅದು ಸುಮ್ಮನಾಗುತ್ತದೆ. ಎರಡನೆಯ ರೂಪದಲ್ಲಿ ಮೂಲ ಸ್ವರ ಐದನೆಯ ತಂತಿಯ ಮೇಲಿರುತ್ತದೆ. ಡಿ7 ನುಡಿಸಲು ನಡು ಬೆರಳು ಐದನೆಯ ತಂತಿಯ 5ನೆಯ ಫ್ರೆಟ್‌ಗೆ, ತೋರು ಬೆರಳು ನಾಲ್ಕನೆಯ ತಂತಿಯ 4ನೆಯ ಫ್ರೆಟ್‌ಗೆ, ಉಂಗುರ ಬೆರಳು ಮೂರನೆಯ ತಂತಿಯ 5ನೆಯ ಫ್ರೆಟ್‌ಗೆ ಬರುತ್ತವೆ. ಇಲ್ಲಿ ಆರನೆಯ ತಂತಿಯನ್ನು ನಡು ಬೆರಳಿನ ತುದಿಯೇ ತಡೆಯುತ್ತದೆ. ತೆಳುವಾದ ಮೊದಲೆರಡು ತಂತಿಗಳನ್ನು ಎರಡೂ ರೂಪಗಳಲ್ಲಿ ಮೀಟುವುದಿಲ್ಲ.

ಈ ಎರಡು ರೂಪಗಳನ್ನು ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಉಂಗುರ ಬೆರಳನ್ನು ಮಾತ್ರ ಗಮನಿಸಬೇಕು. ಅದು ಮೂರನೆಯ ತಂತಿಯನ್ನು ಬಿಡುವುದೇ ಇಲ್ಲ, 6ನೆಯ ಫ್ರೆಟ್‌ನಿಂದ 5ಕ್ಕೆ ಜಾರುತ್ತದೆ. ನಾಲ್ಕನೆಯ ತಂತಿಯಲ್ಲಿಯೂ ಸ್ವರ 5ರಿಂದ 4ಕ್ಕೆ ಇಳಿಯುತ್ತದೆ, ಬೆರಳು ಮಾತ್ರ ಬದಲಾಗುತ್ತದೆ. ಡಿ7 ನಂತರ ಮೊದಲ ರೂಪವನ್ನು ಎರಡು ಫ್ರೆಟ್ ಕೆಳಗೆ ತಂದು ಜಿ7 ನುಡಿಸಿದರೆ ಮೂರನೆಯ ತಂತಿ 4ಕ್ಕೆ, ನಾಲ್ಕನೆಯ ತಂತಿ 3ಕ್ಕೆ ಬರುತ್ತವೆ. ಮತ್ತೆ ಎರಡನೆಯ ರೂಪದಲ್ಲಿ ಸಿ7 ನುಡಿಸಿದರೆ ಅವು 3ಕ್ಕೆ ಮತ್ತು 2ಕ್ಕೆ. ಮೂಲ ಸ್ವರ ಎರಡು ದಪ್ಪ ತಂತಿಗಳ ನಡುವೆ ನೆಗೆಯುತ್ತಿರುವಾಗ ಮೇಲಿನ ಎರಡು ಸ್ವರಗಳು ಮೆಟ್ಟಿಲಿಳಿದಂತೆ ಅರ್ಧ ಸ್ವರದ ಹೆಜ್ಜೆಯಲ್ಲಿ ಇಳಿಯುತ್ತಿರುತ್ತವೆ.

ಹೀಗಾಗುವುದಕ್ಕೆ ಕಾರಣವನ್ನೂ ಅರಿತುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಸುತ್ತಿನ ಸೊಗಸು ಇರುವುದೇ ಅಲ್ಲಿ. ಎ7 ಕಾರ್ಡಿನ ಕೈಶಿಕಿ ನಿಷಾದ ಜಿ. ಅದು ಅರ್ಧ ಸ್ವರ ಇಳಿದಾಗ ಸಿಗುವ ಎಫ್ ಶಾರ್ಪ್ ಡಿ7 ಕಾರ್ಡಿನ ಅಂತರ ಗಾಂಧಾರವಾಗುತ್ತದೆ. ಎ7 ಕಾರ್ಡಿನ ಅಂತರ ಗಾಂಧಾರ ಸಿ ಶಾರ್ಪ್. ಅದು ಇಳಿದು ಸಿ ಆದಾಗ ಡಿ7 ಕಾರ್ಡಿನ ಕೈಶಿಕಿ ನಿಷಾದವಾಗುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ನಿಷಾದವು ಗಾಂಧಾರವಾಗಿ, ಗಾಂಧಾರವು ನಿಷಾದವಾಗಿ ಪಾತ್ರ ಬದಲಾಯಿಸಿಕೊಳ್ಳುತ್ತವೆ. ಈ ಎರಡು ಸ್ವರಗಳ ನಡುವಿನ ಅಂತರವು ಷಡ್ಜ ಮತ್ತು ಪ್ರತಿ ಮಧ್ಯಮಗಳ ಅಂತರವೇ ಆಗಿದ್ದು, ಅಷ್ಟಕದ ಸರಿಯಾದ ಅರ್ಧ, ಅಂದರೆ 6 ಫ್ರೆಟ್‌ಗಳಷ್ಟಿದೆ. ಅದನ್ನು ತಿರುವಿ ಹಾಕಿದರೂ ಅಳತೆ ಬದಲಾಗುವುದಿಲ್ಲ, ಆದ್ದರಿಂದಲೇ ಈ ಅದಲು ಬದಲು ಸಾಧ್ಯವಾಗುತ್ತದೆ. ಹಾರ್ಮೋನಿಯಂ ಇರುವವರು ಬಲಗೈಯಲ್ಲಿ ಆ ಎರಡು ಸ್ವರಗಳನ್ನು ಮಾತ್ರ ಹಿಡಿದು ಒಂದೊಂದು ಕೀಲಿ ಇಳಿಯುತ್ತ ಹೋದರೂ ಕಾರ್ಡ್‌ಗಳು ಬದಲಾಗುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಪೂರ್ಣ ಸುತ್ತನ್ನು ಅಭ್ಯಾಸ ಮಾಡಲು ಆರನೆಯ ತಂತಿಯ 8ನೆಯ ಫ್ರೆಟ್‌ನಲ್ಲಿ ಸಿ7 ಹಿಡಿದು ಆರಂಭಿಸಬೇಕು. ಐದನೆಯ ತಂತಿಯ 8ರಲ್ಲಿ ಎಫ್7, ಆರನೆಯ ತಂತಿಯ 6ರಲ್ಲಿ ಬಿ ಫ್ಲಾಟ್ 7, ಐದನೆಯ ತಂತಿಯ 6ರಲ್ಲಿ ಇ ಫ್ಲಾಟ್ 7, ಹೀಗೆ 4ನೆಯ ಮತ್ತು 2ನೆಯ ಫ್ರೆಟ್‌ಗಳ ಮೂಲಕ ಬಿ7ವರೆಗೆ ಇಳಿದ ಮೇಲೆ ಕೈಯನ್ನು 12ನೆಯ ಫ್ರೆಟ್‌ಗೆ ಒಯ್ದು ಇ7 ಹಿಡಿಯಬೇಕು. ಈ ನೆಗೆತದಲ್ಲಿ ಇಳಿಕೆಯ ನಂಟು ಒಂದು ಅಷ್ಟಕ ಮೇಲಕ್ಕೆ ಸರಿಯುತ್ತದೆ, ಆದರೆ ಸ್ವರಗಳ ಸಂಬಂಧ ಹಾಗೆಯೇ ಉಳಿಯುತ್ತದೆ. ಅಲ್ಲಿಂದ ಎ7, 10ನೆಯ ಫ್ರೆಟ್‌ನಲ್ಲಿ ಡಿ7 ಮತ್ತು ಜಿ7, ಕೊನೆಗೆ ಮೊದಲಿನ ಸಿ7. ಲಯ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ಒಂದು ಕಾರ್ಡಿಗೆ ನಾಲ್ಕು ಎಣಿಕೆಯಂತೆ ನುಡಿಸಬೇಕು. ಕಾರ್ಡ್ ಬದಲಾಗುವಾಗ ನಾಲ್ಕನೆಯ ಎಣಿಕೆ ತುಂಡಾದರೆ ಆ ಎರಡು ಕಾರ್ಡ್‌ಗಳನ್ನಷ್ಟೇ ಹಿಡಿದು ಹಿಂದು ಮುಂದಾಗಿ ತಿದ್ದಿಕೊಳ್ಳಬೇಕು. ಪ್ರತಿ ಸಲವೂ ಇಡೀ ಸುತ್ತನ್ನು ಮೊದಲಿನಿಂದ ನುಡಿಸುವುದರಿಂದ ಬಂದದ್ದೇ ಮತ್ತೆ ಬರುತ್ತದೆಯೇ ಹೊರತು ತೊಡಕು ಬಿಡಿಸಿಕೊಳ್ಳುವುದಿಲ್ಲ.

ಹನ್ನೆರಡು ಹೆಜ್ಜೆಗಳ ಪೂರ್ಣ ಸುತ್ತು ಅಭ್ಯಾಸಕ್ಕೆ ಸೇರಿದ್ದು. ಬ್ಲೂಸ್ ಹಾಡಿನಲ್ಲಿ ಬರುವುದು ಅದರ ಒಂದು ತುಂಡು, ಹೆಚ್ಚಾಗಿ ನಾಲ್ಕು ಅಥವಾ ಐದು ಕಾರ್ಡ್‌ಗಳು. ಅಮೆರಿಕದ ಪೂರ್ವ ಭಾಗದ ಪೀಡ್‌ಮಾಂಟ್ ಶೈಲಿಯ ಗಿಟಾರ್ ವಾದಕರು ರ‍್ಯಾಗ್‌ಟೈಮ್ ಪಿಯಾನೊದ ಲಯವನ್ನು ಗಿಟಾರಿಗೆ ತಂದಾಗ ಈ ಚಲನೆಯನ್ನೂ ತಮ್ಮದಾಗಿಸಿಕೊಂಡರು. 1926ರಿಂದ 1932ರವರೆಗೆ ಪ್ಯಾರಮೌಂಟ್ ಕಂಪನಿಗೆ ಧ್ವನಿಮುದ್ರಣ ಮಾಡಿದ ಬ್ಲೈಂಡ್ ಬ್ಲೇಕ್ ಅವರ ವಾದನದಲ್ಲಿ ಹೆಬ್ಬೆರಳು ಹೊರಡಿಸುವ ದಪ್ಪ ತಂತಿಗಳ ನಾದವನ್ನು ಕೇಳಿದರೆ, ಮೂಲ ಸ್ವರಗಳು ಮಧ್ಯಮದಿಂದ ಮಧ್ಯಮಕ್ಕೆ ಸಾಗುವುದು ಚೆನ್ನಾಗಿ ಗೊತ್ತಾಗುತ್ತದೆ. ಮುಂದೆ ಜಾಝ್ ವಾದಕರು ನುಡಿಸಿದ ಬ್ಲೂಸ್‌ನಲ್ಲಿ ಇದು ಹನ್ನೆರಡು ಬಾರ್‌ಗಳ ಕೊನೆಯ ಭಾಗದಲ್ಲಿ ಭದ್ರವಾಗಿ ನೆಲೆಯೂರಿತು.

ಸಿ ಶ್ರುತಿಯ ಹನ್ನೆರಡು ಬಾರ್‌ಗಳನ್ನು ಹೀಗೆ ಜೋಡಿಸಿಕೊಳ್ಳಬಹುದು. ಮೊದಲ ಬಾರ್ ಸಿ7, ಎರಡನೆಯದು ಎಫ್7, ಮೂರು ಮತ್ತು ನಾಲ್ಕು ಸಿ7. ಐದು ಮತ್ತು ಆರು ಎಫ್7, ಏಳು ಸಿ7. ಇಲ್ಲಿಯವರೆಗೆ 8ನೆಯ ಫ್ರೆಟ್‌ನಲ್ಲಿಯೇ ಕೈ ಇರುತ್ತದೆ, ಸಿ7 ಆರನೆಯ ತಂತಿಯ ಮೇಲೆ, ಎಫ್7 ಐದನೆಯ ತಂತಿಯ ಮೇಲೆ. ಎಂಟನೆಯ ಬಾರ್‌ನಲ್ಲಿ ಮೊದಲ ರೂಪವನ್ನೇ ಮೂರು ಫ್ರೆಟ್ ಕೆಳಗೆ ಜಾರಿಸಿದರೆ ಎ7 ಸಿಗುತ್ತದೆ. ಇದು ಸುತ್ತಿಗೆ ಸೇರದ ನೆಗೆತ, ಇಲ್ಲಿಂದಲೇ ಸುತ್ತಿನೊಳಗೆ ಪ್ರವೇಶ. ಒಂಬತ್ತನೆಯ ಬಾರ್ ಡಿ7, ಹತ್ತನೆಯದು ಜಿ7. ಹನ್ನೊಂದನೆಯ ಬಾರ್‌ನಲ್ಲಿ ಎರಡೆರಡು ಎಣಿಕೆಗೆ ಸಿ7 ಮತ್ತು ಎ7, ಹನ್ನೆರಡನೆಯದರಲ್ಲಿ ಅದೇ ರೀತಿ ಡಿ7 ಮತ್ತು ಜಿ7 ಬರುತ್ತವೆ. ಆಮೇಲೆ ಮತ್ತೆ ಮೊದಲ ಬಾರ್. ಹನ್ನೊಂದನೆಯ ಬಾರ್‌ನ ಸಿ7 ಕಾರ್ಡನ್ನು ಐದನೆಯ ತಂತಿಯ 3ನೆಯ ಫ್ರೆಟ್‌ನಲ್ಲಿ ಹಿಡಿದರೆ ಜಿ7 ಕಾರ್ಡಿನಿಂದ ಬರುವ ಇಳಿಕೆ ಮುರಿಯುವುದಿಲ್ಲ. ಒಂಬತ್ತನೆಯ ಬಾರ್‌ನಲ್ಲಿ ಡಿ7 ಬದಲಿಗೆ ಸಾಧಾರಣ ಗಾಂಧಾರವಿರುವ ಡಿ ಮೈನರ್ 7 ನುಡಿಸುವವರೂ ಇದ್ದಾರೆ. ಅದು ಮೆದುವಾಗಿ, ಜಾಝ್‌ನ ಕಡೆಗೆ ವಾಲಿದಂತೆ ಕೇಳಿಸುತ್ತದೆ. ಬ್ಲೂಸ್‌ನ ಒರಟು ರುಚಿ ಬೇಕಾದವರು ಡಿ7 ಕಾರ್ಡನ್ನೇ ಇಟ್ಟುಕೊಳ್ಳಲಿ.

ಲಯದ ವಿಷಯದಲ್ಲಿ ನಮ್ಮವರಿಗೆ ತೊಂದರೆಯಿಲ್ಲ. ಬ್ಲೂಸ್‌ನ ಷಫಲ್ ಎಂದರೆ ನಾಲ್ಕು ಎಣಿಕೆಗಳ ಬಾರನ್ನು ತಿಶ್ರ ನಡೆಯಲ್ಲಿ ನಡೆಸುವುದು. ‘ತಕಿಟ ತಕಿಟ ತಕಿಟ ತಕಿಟ’ ಎಂದು ಹೇಳುತ್ತ, ‘ತ’ ಮತ್ತು ‘ಟ’ ಅಕ್ಷರಗಳ ಮೇಲೆ ಮಾತ್ರ ಮೀಟಿ ನಡುವಿನ ‘ಕಿ’ ಅಕ್ಷರವನ್ನು ಮೌನವಾಗಿ ಬಿಟ್ಟರೆ ಷಫಲ್ ತಾನಾಗಿ ಬರುತ್ತದೆ. ಮೊದಲ ರೂಪದಲ್ಲಿ ಕಾರ್ಡ್ ಮೀಟಿದ ಕೂಡಲೇ ಎಡಗೈಯ ಒತ್ತಡವನ್ನು ಸ್ವಲ್ಪ ಸಡಿಲಿಸಿದರೆ ನಾದ ಚಿಕ್ಕದಾಗಿ ನಿಂತು, ಲಯ ಇನ್ನಷ್ಟು ಎದ್ದು ಕಾಣುತ್ತದೆ.

ಕಿವಿಯ ವಿಷಯದಲ್ಲಿ ಮಾತ್ರ ಕರ್ನಾಟಕ ಸಂಗೀತ ಕಲಿತವರಿಗೆ ಒಂದು ಸೂಚನೆ ಬೇಕು. ತಂಬೂರಿಯ ಸ್ಥಿರವಾದ ಷಡ್ಜಕ್ಕೆ ಒಗ್ಗಿದ ಕಿವಿಗೆ, ಪ್ರತಿ ಬಾರ್‌ನಲ್ಲಿಯೂ ಷಡ್ಜವೇ ಸ್ಥಳ ಬದಲಾಯಿಸುವುದು ಮೊದಮೊದಲು ಅಪಸ್ವರದಂತೆ ತೋರಬಹುದು. ಈ ಅಭ್ಯಾಸದ ವೇಳೆ ಶ್ರುತಿ ಪೆಟ್ಟಿಗೆಯನ್ನು ಹಾಕಬಾರದು. ಪ್ರತಿ ಕಾರ್ಡಿನ ಮೂಲ ಸ್ವರವನ್ನು ‘ಸ’ ಎಂದು ಹಾಡಿ, ಅದರ ಮೇಲೆ ‘ಸ ಗ ನಿ’ ಎಂದು ಏರಿ, ನಂತರ ಕಾರ್ಡ್ ಬದಲಾಗುವ ಕ್ಷಣದಲ್ಲಿ ಆ ನಿಷಾದವನ್ನೇ ಅರ್ಧ ಸ್ವರ ಇಳಿಸಿ ‘ಗ’ ಎಂದು ಕರೆಯಬೇಕು. ಕೊಯರ್‌ನಿಂದ ಬಂದವರಿಗೆ ಇದು ಆಲ್ಟೊ ಅಥವಾ ಟೆನರ್ ಭಾಗವನ್ನು ಹಾಡಿದಷ್ಟೇ ಸಹಜವಾಗಿ ಬರುತ್ತದೆ. ಆ ಭಾಗಗಳು ಸಾಗುವುದೂ ಹೀಗೆ ಅಕ್ಕಪಕ್ಕದ ಸ್ವರಗಳಿಗೆ ಸರಿಯುತ್ತಲೇ.

ಲೀಡ್, ಅಂದರೆ ಕಾರ್ಡ್‌ಗಳ ಮೇಲೆ ಬಿಡಿ ಸ್ವರಗಳ ರಾಗ, ನುಡಿಸುವಾಗಲೂ ಇದೇ ದಾರಿ ಹಿಡಿಯಬೇಕು. ಸಿ ಶ್ರುತಿಯ ಬ್ಲೂಸ್ ಸ್ಕೇಲನ್ನೇ ಹನ್ನೆರಡೂ ಬಾರ್‌ಗಳಲ್ಲಿ ಓಡಿಸಿದರೆ ಎ7 ಬರುವ ಎಂಟನೆಯ ಬಾರ್‌ನಲ್ಲಿ ಕಾರ್ಡ್ ಒಂದು ಕಡೆ, ರಾಗ ಇನ್ನೊಂದು ಕಡೆ ಹೋಗುತ್ತವೆ. ಆ ಬಾರ್‌ನ ಮೊದಲ ಎಣಿಕೆಗೆ ಸಿ ಶಾರ್ಪ್ ಸ್ವರದ ಮೇಲೆ ಬಂದು ನಿಂತು, ಒಂಬತ್ತನೆಯ ಬಾರ್‌ನ ಆರಂಭಕ್ಕೆ ಸಿ ಸ್ವರಕ್ಕೂ, ಹತ್ತನೆಯದಕ್ಕೆ ಬಿ ಸ್ವರಕ್ಕೂ, ಹನ್ನೊಂದನೆಯದಕ್ಕೆ ಬಿ ಫ್ಲಾಟ್ ಸ್ವರಕ್ಕೂ ಇಳಿದರೆ ಕಾರ್ಡ್ ನುಡಿಸುವವರು ಇಲ್ಲದಿದ್ದರೂ ಚಲನೆ ಕೇಳುಗರಿಗೆ ತಿಳಿಯುತ್ತದೆ. ಈ ನಾಲ್ಕು ಸ್ವರಗಳ ನಡುವಿನ ಜಾಗವನ್ನು ಜಾರು, ಕಂಪಿತ ಮತ್ತು ತಂತಿ ಎಳೆಯುವ ಬೆಂಡ್‌ಗಳಿಂದ ತುಂಬಬಹುದು. ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರದ ಕಡೆಗೆ ಎಳೆದು, ಪೂರ್ತಿ ಮುಟ್ಟದೆ ನಿಲ್ಲಿಸುವ ಬ್ಲೂಸ್‌ನ ಆ ಗಾಂಧಾರವನ್ನು ನುಡಿಸಲು ಗಮಕ ಬಲ್ಲ ಕೈಗೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ಕರಾವಳಿಯಲ್ಲಿ ಅಭ್ಯಾಸ ಮಾಡುವವರು ವಾದ್ಯದ ಸ್ಥಿತಿಯನ್ನೂ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದರಿಂದ ತಂತಿಗಳು ಫ್ರೆಟ್‌ಗಳಿಂದ ಮೇಲೇಳುತ್ತವೆ, 8ನೆಯ ಫ್ರೆಟ್‌ನಿಂದ ಮೇಲೆ ಆರನೆಯ ತಂತಿಯನ್ನು ಒತ್ತುವುದು ಕಷ್ಟವಾಗುತ್ತದೆ, ತಂತಿಗೂ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಹತ್ತಿ ಬಟ್ಟೆಯಿಂದ ತಂತಿಗಳನ್ನು ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಕೇಸ್‌ನಲ್ಲಿ ಇಡುವುದು ಒಳಿತು. ಅಕೂಸ್ಟಿಕ್ ಗಿಟಾರಿಗೆ 10 ಅಥವಾ 11 ಗೇಜ್ (ದಪ್ಪದ ಅಳತೆ) ತೆಳು ತಂತಿ ಹಾಕಿಸಿಕೊಂಡರೆ ಜಾರುವ ಬೆರಳಿಗೆ ಅನುಕೂಲ.

ಸಿ ಶ್ರುತಿ ಹಿಡಿತಕ್ಕೆ ಬಂದ ಮೇಲೆ, ಗಿಟಾರ್ ಬ್ಲೂಸ್‌ನಲ್ಲಿ ಬಹಳ ಬಳಕೆಯಲ್ಲಿರುವ ಎ ಶ್ರುತಿಗೆ ಹೋಗಬಹುದು. ಅಲ್ಲಿ ಸರಣಿ ಎಫ್ ಶಾರ್ಪ್ 7, ಬಿ7, ಇ7, ಎ7 ಆಗುತ್ತದೆ. ಆರನೆಯ ತಂತಿಯ 2ನೆಯ ಫ್ರೆಟ್‌ನಿಂದ ಐದನೆಯ ತಂತಿಯ 2ಕ್ಕೆ ಬಂದು, ಮುಂದೆ ಇ7 ಕಾರ್ಡಿಗೆ ಆರನೆಯ ಮತ್ತು ನಾಲ್ಕನೆಯ ತಂತಿಗಳನ್ನು ತೆರೆದೇ ಬಿಟ್ಟು, ಮೂರನೆಯ ತಂತಿಯ 1ನೆಯ ಫ್ರೆಟ್ ಒತ್ತಿದರೆ ಸಾಕು. ಆದರೆ ಅಲ್ಲಿಂದ ಎ7 ಕಾರ್ಡಿಗೆ ಇಳಿಯಲು ನಾಲ್ಕನೆಯ ತಂತಿಯಲ್ಲಿ ಇನ್ನು ಜಾಗವಿಲ್ಲ. ಆಗ ಕೈಯನ್ನು ನೇರವಾಗಿ 5ನೆಯ ಫ್ರೆಟ್‌ಗೆ ಒಯ್ದು ಮೊದಲ ರೂಪದ ಎ7 ಹಿಡಿಯಬೇಕು, ಅಥವಾ ಇ7 ಕಾರ್ಡನ್ನೇ 12ನೆಯ ಫ್ರೆಟ್‌ನಲ್ಲಿ ಹಿಡಿದು ಐದನೆಯ ತಂತಿಯ 12ರಲ್ಲಿ ಎ7 ಮುಟ್ಟಬೇಕು. ತೆರೆದ ಇ ತಂತಿ ಮೊಳಗುತ್ತಿರುವಷ್ಟು ಹೊತ್ತು ಎಡಗೈಗೆ ಬಿಡುವು ಸಿಗುವುದರಿಂದ, ಆರಂಭದಲ್ಲಿ ಮೊದಲನೆಯ ದಾರಿಯನ್ನೇ ಆರಿಸಿಕೊಳ್ಳುವುದು ಸೂಕ್ತ.