ಹಿರಿಯರ ಗ್ರೀನ್ ಟೀ: ನಾನು ಪಾಲಿಸುವ ಕ್ರಮ

ಹಿರಿಯರ ಊಟ-ಉಪಚಾರ ನೋಡಿಕೊಳ್ಳುವ ಆಹಾರ ತಜ್ಞೆಯಾದ ನನ್ನನ್ನು ಅವರ ಮಕ್ಕಳು ಪದೇ ಪದೇ ಕೇಳುವುದು ಇದನ್ನೇ: ಗ್ರೀನ್ ಟೀ ಕುಡಿದರೆ ಮರೆವು ತಗ್ಗುತ್ತದೆಯೇ? ಕುಡಿಯಲಿ, ಆದರೆ ಔಷಧಿಯೆಂದು ನಂಬಿ ಕುಡಿಯುವುದು ಬೇಡ ಎನ್ನುತ್ತೇನೆ. ಆ ಆಸೆಗೆ ಆಧಾರವೇ ಇಲ್ಲವೆಂದಲ್ಲ. ಜಪಾನಿನ ಸೆಂಡಾಯ್ ನಗರದಲ್ಲಿ 70 ದಾಟಿದ ಸುಮಾರು ಸಾವಿರ ಮಂದಿಯನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಎರಡು ಕಪ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರಲ್ಲಿ ಗ್ರಹಣಶಕ್ತಿಯ ಕುಂದು ಕಡಿಮೆ ಕಂಡಿತ್ತು. ಆದರೆ ಚಹಾದಿಂದ ಬುದ್ಧಿ ಚುರುಕಾಗಿತ್ತೋ, ಚುರುಕಾಗಿ ಓಡಾಡಿಕೊಂಡಿದ್ದವರೇ ಹೆಚ್ಚು ಚಹಾ ಕುಡಿಯುತ್ತಿದ್ದರೋ ಎಂಬುದನ್ನು ಅಂಥ ಅಧ್ಯಯನ ಬಿಡಿಸಿ ಹೇಳಲಾರದು.

ನಾನು ಮೊದಲು ನೋಡುವುದು ಮಾತ್ರೆಗಳ ಪಟ್ಟಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ರಕ್ತದೊತ್ತಡಕ್ಕೆ ನಾಡೊಲಾಲ್ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳದೆ ಕೊಡುವುದಿಲ್ಲ. ರಕ್ತಹೀನತೆ ಇದ್ದರೆ ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರ ಇಡಿಸುತ್ತೇನೆ. ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ರಾಸಾಯನಿಕ ಅಂಶಗಳು ಆಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟುಬಿಡುತ್ತವೆ.

ಆಮೇಲಿನದು ನಿದ್ದೆ. ಇದರಲ್ಲಿ ನಾನು ಹಟಮಾರಿ. ಗ್ರೀನ್ ಟೀಯಲ್ಲೂ ಕೆಫೀನ್ ಇದೆ, ಕಾಫಿಗಿಂತ ಕಡಿಮೆ ಅಷ್ಟೇ. ಸಂಜೆ ಕುಡಿದು ರಾತ್ರಿಯೆಲ್ಲ ಹೊರಳಾಡಿದವರು ಬೆಳಗ್ಗೆ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಾರೆ. ನೆನಪಿಗಾಗಿ ಕುಡಿದದ್ದೇ ನೆನಪನ್ನು ಕೆಡಿಸಿದಂತಾಗುತ್ತದೆ. ಆದ್ದರಿಂದ ಮಧ್ಯಾಹ್ನ ಮೂರರ ನಂತರ ಬೇಡ.

ಮಾಡುವ ಬಗೆಯೂ ಮುಖ್ಯ. ಕುದಿಯುವ ನೀರನ್ನು ನೇರವಾಗಿ ಸುರಿದರೆ ಕಹಿ ಬಿಡುತ್ತದೆ, ಕಹಿಗೆ ಸಕ್ಕರೆ ಸೇರುತ್ತದೆ. ಕುದಿಸಿದ ನೀರನ್ನು ಸ್ವಲ್ಪ ಹೊತ್ತು ಆರಲು ಬಿಟ್ಟು, 80 ಡಿಗ್ರಿಯ ಆಸುಪಾಸಿಗೆ ಬಂದಾಗ ಎಲೆ ಹಾಕಿ, ಎರಡು ನಿಮಿಷಕ್ಕೆ ಸೋಸುತ್ತೇನೆ. ತಿಳಿಹಳದಿ ಬಣ್ಣ ಬಂದರೆ ಸಾಕು. ಕೈ ನಡುಗುವವರಿಗೆ ಅಗಲವಾದ ಹಿಡಿಯ ಕಪ್ಪಿನಲ್ಲಿ ಅರ್ಧದಷ್ಟು ಮಾತ್ರ, ನಾಲಿಗೆ ಸುಡದಷ್ಟು ಬಿಸಿಯಾಗಿ ಕೊಡುತ್ತೇನೆ.

ಮರೆವು ಶುರುವಾಗಿರುವವರು ಕುಡಿದದ್ದನ್ನು ಮರೆತು ಮತ್ತೆ ಮಾಡಿಕೊಳ್ಳುವುದುಂಟು. ಅವರ ಮನೆಯವರಿಗೆ, ದಿನಕ್ಕೆ ಬೇಕಾದಷ್ಟನ್ನೇ ಸಣ್ಣ ಫ್ಲಾಸ್ಕಿನಲ್ಲಿ ತುಂಬಿಟ್ಟು ಎಲೆಯ ಡಬ್ಬಿಯನ್ನು ಒಳಗಿಡಲು ಹೇಳುತ್ತೇನೆ. ಗ್ರೀನ್ ಟೀ ಸಾರದ ಗುಳಿಗೆಗಳನ್ನು ಮಾತ್ರ ಯಾರಿಗೂ ಸೂಚಿಸುವುದಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಅವು ಯಕೃತ್ತಿಗೆ ಹಾನಿ ಮಾಡಿದ ಉದಾಹರಣೆಗಳಿವೆ.