ಟೀಕಪ್ ನಾಯಿಗೆ ದುಡ್ಡು ಕೊಡುವ ಮುಂಚೆ ತಕ್ಕಡಿಗೆ ಇಡಿ

ಮುಧೋಳದಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಬೆಲ್ಲ, ಬೇಳೆ, ಉಳ್ಳಾಗಡ್ಡಿ, ಇಷ್ಟೇ ನನ್ನ ವ್ಯಾಪಾರ. ಆದರೂ ತಿಂಗಳಿಗೆ ಒಬ್ಬರೋ ಇಬ್ಬರೋ ಬಂದು, ಚೀಲದಿಂದ ಮುಷ್ಟಿಯಷ್ಟು ಮರಿ ತೆಗೆದು, "ಅಣ್ಣಾರ, ಇದನ್ನೊಂಚೂರು ತಕ್ಕಡ್ಯಾಗ ಇಟ್ಟು ನೋಡ್ರಿ" ಅಂತಾರೆ. ಇದಕ್ಕೆಲ್ಲ ಕಾರಣ ನಮ್ಮ ಮನೆಯ ಗುಂಡ.

ಗುಂಡ ಬಂದದ್ದು ಮೂರು ವರ್ಷದ ಹಿಂದೆ, ಮಗಳ ಹಟಕ್ಕೆ. ಚಹಾ ಕಪ್ಪಿನಲ್ಲಿ ಕೂತ ಬಿಳಿ ಮರಿಯ ಫೋಟೊ ಮೊಬೈಲಲ್ಲಿ ಬಂದಿತ್ತು. ಫೋನ್ ಮಾಡಿದರೆ, "ಟೀಕಪ್ ಪೊಮೆರೇನಿಯನ್ ಸರ್, ಎರಡು ತಿಂಗಳ ಮರಿ, ಎಷ್ಟೇ ಬೆಳೆದರೂ ಒಂದೂವರೆ ಕಿಲೋ ದಾಟಲ್ಲ" ಅಂದ. 55,000 ಹೇಳಿದವನು ಹತ್ತೇ ನಿಮಿಷದಲ್ಲಿ 38,000ಕ್ಕೆ ಇಳಿದ. ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಅಲ್ಲೇ ವಾಸನೆ ಬಡಿಯಬೇಕಿತ್ತು. ಬಡಿಯಲಿಲ್ಲ. ಮನೆಗೆ ತಂದ ದಿನ ಗುಂಡ 420 ಗ್ರಾಂ ಇದ್ದ. ಇವತ್ತು ಬೆಳಿಗ್ಗೆ ತೂಗಿದೆ, ಆರು ಕಿಲೋ ಇನ್ನೂರು ಗ್ರಾಂ. ಅವತ್ತಿನ ಲೆಕ್ಕದಲ್ಲಿ ಕಿಲೋಗೆ ತೊಂಬತ್ತು ಸಾವಿರ ಬಿದ್ದಿತ್ತು, ಈಗ ಆರು ಸಾವಿರಕ್ಕೆ ಇಳಿದಿದೆ. ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ನಮ್ಮೂರು ಯಾವುದು ನೋಡಿ. ಅಂಚೆ ಚೀಟಿಯ ಮೇಲೆ ಬಂದ ಮುಧೋಳ ನಾಯಿಯ ಊರು. ಪಕ್ಕದ ತಿಮ್ಮಾಪುರದಲ್ಲಿ ಅದಕ್ಕಂತಲೇ ಸಂಶೋಧನಾ ಕೇಂದ್ರ ಇದೆ. ಗುಂಡನನ್ನು ಮೊದಲ ಸಲ ನೋಡಿದ ನಮ್ಮ ಓಣಿಯ ಕುರುಬರ ಅಜ್ಜ, "ಏನ್ ತಮ್ಮಾ, ಇದು ನಾಯಿನೋ ಅಳಿಲೋ?" ಅಂದಿದ್ದ.

ಇರಲಿ. ತಗೊಳ್ಳಲೇಬೇಕು ಅನ್ನುವವರಿಗೆ ನಾನು ಹೇಳುವ ಮೊದಲ ಮಾತು: ಟೀಕಪ್ ಅನ್ನುವ ಜಾತಿಯೇ ಇಲ್ಲ. ನಾಯಿ ಜಾತಿಗಳನ್ನು ದಾಖಲಿಸುವ ಸಂಸ್ಥೆಗಳಾದ ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಆಗಲಿ, ಅಮೆರಿಕದ ಕೆನಲ್ ಕ್ಲಬ್ ಆಗಲಿ ಅಂಥದ್ದೊಂದನ್ನು ಒಪ್ಪಿಲ್ಲ. ಟೀಕಪ್, ಮೈಕ್ರೋ, ಪಾಕೆಟ್ ಇವೆಲ್ಲ ರೇಟ್ ಏರಿಸಲು ಮಾರುವವರು ಇಟ್ಟುಕೊಂಡ ಹೆಸರುಗಳು. ಅಮೆರಿಕದ ಕ್ಲಬ್ಬಿನ ಪ್ರಕಾರ ಬೆಳೆದ ಪೊಮೆರೇನಿಯನ್ 3ರಿಂದ 7 ಪೌಂಡ್ ಇರಬೇಕು, ನಮ್ಮ ತೂಕದಲ್ಲಿ ಸುಮಾರು 1.4ರಿಂದ 3.2 ಕಿಲೋ. ಚಿವಾವಾ ಹೆಚ್ಚೆಂದರೆ 2.7 ಕಿಲೋ. ಶಿಟ್ಜು ನಾಲ್ಕರಿಂದ ಏಳು ಕಿಲೋ. ಈ ಮೂರು ಅಂಕಿ ಮೊಬೈಲಲ್ಲಿ ಬರೆದಿಟ್ಟುಕೊಳ್ಳಿ. "ಟೀಕಪ್ ಶಿಟ್ಜು, ಎರಡೇ ಕಿಲೋ" ಅಂತ ಯಾರಾದರೂ ಹೇಳಿದರೆ ಒಂದೋ ಸುಳ್ಳು, ಇಲ್ಲಾ ಆ ಮರಿಗೆ ಏನೋ ಕೊರತೆ ಇದೆ.

ಇನ್ನೊಂದು ಗೊಂದಲ. ನಮ್ಮ ಕಡೆ ಬಿಳಿ ಕೂದಲು, ಚೂಪು ಮೂತಿ ಇದ್ದರೆ ಸಾಕು, ಪಾಮೇರಿಯನ್ ಅಂದುಬಿಡುತ್ತೇವೆ. ಅದರಲ್ಲಿ ಬಹಳಷ್ಟು ಇಂಡಿಯನ್ ಸ್ಪಿಟ್ಜ್. ಗಟ್ಟಿ ನಾಯಿ, ನಮ್ಮ ಬಿಸಿಲಿಗೂ ಹೊಂದಿಕೊಂಡಿದೆ, ಬೆಲೆಯೂ ತೀರಾ ಕಡಿಮೆ. ಗುಂಡನೂ ಅದೇ. ಅದೇ ಹೆಸರಲ್ಲಿ ತಂದಿದ್ದರೆ ನನಗೆ ಒಂದು ರೂಪಾಯಿಯ ಬೇಜಾರೂ ಇರುತ್ತಿರಲಿಲ್ಲ.

ಇನ್ನು ರೇಟಿನ ವಿಷಯ. ಉಳ್ಳಾಗಡ್ಡಿ ಚೀಲ ಬಿಚ್ಚಿದಾಗ ಸಣ್ಣ ಗಡ್ಡೆ ಬೇರೆ ಮಾಡಿ ಕಡಿಮೆಗೆ ಮಾರುತ್ತೇವೆ, ಅಲ್ವಾ? ಇಲ್ಲಿ ಉಲ್ಟಾ. ಒಂದೇ ಸೂಲಿನ ಮೂರು ಮರಿಯಲ್ಲಿ ಅತಿ ಸಣ್ಣದಕ್ಕೆ, ಅಂದರೆ ಹಾಲು ಸರಿಯಾಗಿ ಸಿಗದೆ ಹಿಂದೆ ಬಿದ್ದ ಮರಿಗೆ, ಎಲ್ಲಕ್ಕಿಂತ ಜಾಸ್ತಿ ರೇಟ್. ಗಿರಾಕಿ ಕೇಳುವುದೂ ಅದನ್ನೇ. ಫ್ಲಾಟಿನ ಮನೆಗಳು, ಕೈಚೀಲದಲ್ಲಿ ನಾಯಿ ಕೂರಿಸಿದ ರೀಲ್ಸ್, ಮಕ್ಕಳ ಹಟ, ಎಲ್ಲ ಸೇರಿ ಬೇಡಿಕೆ ಏರಿದೆ.

ಹಾಗಂತ ಮಾರುವವರೆಲ್ಲ ಕಳ್ಳರಲ್ಲ. ನಿಜವಾಗಿ ಸಣ್ಣ ಜಾತಿ ಸಾಕುವವರಿಗೆ ಖರ್ಚಿದೆ. ತಾಯಿ ನಾಯಿ ಸಣ್ಣದಿದ್ದರೆ ಸೂಲಿಗೆ ಒಂದೋ ಎರಡೋ ಮೂರೋ ಮರಿ. ಎಷ್ಟೋ ಸಲ ಸಿಸೇರಿಯನ್ ಮಾಡಿಸಬೇಕು. ಮರಿಗೆ ಹಗಲು ರಾತ್ರಿ ಎರಡು ಮೂರು ತಾಸಿಗೊಮ್ಮೆ ಹಾಲು ಕುಡಿಸಬೇಕು, ಅಷ್ಟಾದರೂ ಕೆಲವು ಉಳಿಯುವುದಿಲ್ಲ. ಅದರ ಮೇಲೆ ಕೆನಲ್ ಕ್ಲಬ್ ಕಾಗದ ಇದ್ದರೆ ಒಂದು ರೇಟ್, ಇಲ್ಲದಿದ್ದರೆ ಇನ್ನೊಂದು. ಅಪರೂಪದ ಬಣ್ಣಕ್ಕೆ ಬೇರೆಯೇ ರೇಟ್. ಖರ್ಚಿಗೆ ತಕ್ಕ ಬೆಲೆ ಕೊಡಲು ನನ್ನ ತಕರಾರಿಲ್ಲ. ಸುಮ್ನೆ ಟೀಕಪ್ ಅನ್ನುವ ಮಾತಿಗೆ ಇಪ್ಪತ್ತು ಸಾವಿರ ಸೇರಿಸುತ್ತಾರಲ್ಲ, ಅದನ್ನು ಕೊಡಬೇಡಿ.

ಮಾತಿಗೆ ಕೂತಾಗ ಮೊದಲು ವಯಸ್ಸು ಕೇಳಿ, ಆಮೇಲೆ ತೂಕ. ಮರಿ ಸಣ್ಣದಾಗಿ ಕಾಣಿಸುವುದಕ್ಕೆ ಸಾಮಾನ್ಯ ಕಾರಣ ವಯಸ್ಸು ಕಡಿಮೆ ಇರುವುದು, ಅಷ್ಟೇ. 2017ರಲ್ಲಿ ಬಂದ ನಾಯಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ನಂಬರ್ ಕೇಳಿ. ಕೇಳಿದ ಕೂಡಲೇ ಫೋನ್ ಕಟ್ ಆದರೆ ನಿಮ್ಮ ಕೆಲಸ ಸಲೀಸಾಯಿತು.

ವಯಸ್ಸು ಗೊತ್ತಾಗುವುದು ಬಾಯಲ್ಲಿ. ಗುಂಡನ ತುಟಿ ಎತ್ತಿ ನೋಡಿದ ನಮ್ಮ ಡಾಕ್ಟರ್ ನಕ್ಕುಬಿಟ್ಟರು. ಮುಂದಿನ ಹಾಲುಹಲ್ಲು ಆಗಷ್ಟೇ ಅಕ್ಕಿ ನುಚ್ಚಿನ ಹಾಗೆ ಮೂಡಿದ್ದವು, ದವಡೆಯ ಕಡೆ ಬರೀ ವಸಡು. "ಎರಡು ತಿಂಗಳು ಅಂದ್ರಾ? ನಾಲ್ಕು ವಾರ ಆಗಿದ್ರೆ ಹೆಚ್ಚು" ಅಂದರು. ಎಂಟು ವಾರಕ್ಕೆ ಹಾಲುಹಲ್ಲು ಹೆಚ್ಚುಕಡಿಮೆ ಎಲ್ಲ ಬಂದಿರುತ್ತವೆ. ವಿಡಿಯೋ ಕಾಲಲ್ಲೇ ಬಾಯಿ ತೆಗೆಸಿ ನೋಡಬಹುದು.

ಆಮೇಲೆ ತಾಯಿಯನ್ನು ತೋರಿಸಲು ಹೇಳಿ. ತಾಯಿಯನ್ನೇ ತಕ್ಕಡಿಗೆ ಇಡಿಸಿ. ಮೂರು ಕಿಲೋ ತಾಯಿಯ ಮರಿ ಬೆಳೆದ ಮೇಲೂ ಒಂದೇ ಕಿಲೋ ಇರುತ್ತದೆ ಅಂದರೆ ನಂಬಬೇಡಿ. ಒಂದು ಕೈಲೆಕ್ಕವೂ ಇದೆ: ಸಣ್ಣ ಜಾತಿಯಲ್ಲಿ ಮೂರು ತಿಂಗಳ ಮರಿಯ ತೂಕವನ್ನು ದುಪ್ಪಟ್ಟು ಮಾಡಿದರೆ ಬೆಳೆದ ಮೇಲಿನ ತೂಕದ ಅಂದಾಜು ಸಿಗುತ್ತದೆ. ಸ್ವಲ್ಪ ಆಚೀಚೆ ಆಗಬಹುದು. ನನಗಾದ ಹಾಗೆ ನಾಲ್ಕು ಪಟ್ಟು ತಪ್ಪುವುದಿಲ್ಲ.

ಮರಿ ಎದುರಿಗಿದ್ದರೆ ನೆಲದ ಮೇಲೆ ಬಿಟ್ಟು ನಡೆಸಿ. ಹಿಂಗಾಲು ಆಗಾಗ ಎತ್ತಿ ಕುಂಟುತ್ತಾ ಕುಪ್ಪಳಿಸಿದರೆ ಮಂಡಿಚಿಪ್ಪು ಜಾರುತ್ತಿರಬಹುದು, ಸಣ್ಣ ಜಾತಿಗಳಲ್ಲಿ ಇದು ಮಾಮೂಲು. ನೆತ್ತಿ ಮುಟ್ಟಿ ನೋಡಿ. ಹಸುಗೂಸಿನ ನೆತ್ತಿಯ ಹಾಗೆ ಮೆತ್ತಗಿದ್ದರೆ ಡಾಕ್ಟರಿಗೆ ತೋರಿಸದೆ ಮುಂದುವರಿಯಬೇಡಿ. ಲಸಿಕೆ ಕಾರ್ಡಿನಲ್ಲಿ ಬಾಟಲಿಯ ಸ್ಟಿಕರ್, ತಾರೀಖು, ಡಾಕ್ಟರ್ ಸಹಿ ಮೂರೂ ಇರಬೇಕು. ಬರೀ ಪೆನ್ನಲ್ಲಿ ಗೀಚಿದ್ದು ಲೆಕ್ಕಕ್ಕಿಲ್ಲ.

ದುಡ್ಡಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಮರಿ ಕಣ್ಣಾರೆ ನೋಡದೆ ಅಡ್ವಾನ್ಸ್ ಹಾಕಬೇಡಿ. ಮೊದಲು ಬುಕಿಂಗ್ ಅಂತಾರೆ, ಆಮೇಲೆ ಪಂಜರಕ್ಕೆ ಅಂತಾರೆ, ಆಮೇಲೆ ಇನ್ಶೂರೆನ್ಸ್ ಅಂತಾರೆ. ನನ್ನ ಗಿರಾಕಿಯೊಬ್ಬರಿಗೆ ಮೂರು ಕಂತು ಕಟ್ಟಿದ ಮೇಲೂ ಮರಿ ಬರಲಿಲ್ಲ. ನನಗೆ ಮರಿಯಾದರೂ ಬಂತು.

ತಂದ ಮೇಲಿನ ಮೊದಲ ವಾರವೇ ಕಷ್ಟದ್ದು. ಮೂರನೇ ರಾತ್ರಿ, ಎರಡು ಗಂಟೆ ಇರಬೇಕು, ಮಗಳು ಅಳುತ್ತಾ ಎಬ್ಬಿಸಿದಳು. ಗುಂಡ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿದ್ದಿದ್ದ. ವಸಡು ಬೆಳ್ಳಗೆ, ಕಾಲು ತಣ್ಣಗೆ. ಫೋನಿನಲ್ಲಿ ಡಾಕ್ಟರ್, "ಸಕ್ಕರೆ ಇಳಿದಿದೆ, ಜೇನು ಇದ್ರೆ ವಸಡಿಗೆ ಸವರಿ, ಗಂಟಲಿಗೆ ಮಾತ್ರ ಸುರಿಬ್ಯಾಡ್ರಿ, ಶ್ವಾಸಕ್ಕೆ ಹೋಗುತ್ತೆ" ಅಂದರು. ಮನೆಯಲ್ಲಿ ಜೇನು ಇರಲಿಲ್ಲ. ಬೆಲ್ಲದ ವ್ಯಾಪಾರಿಯ ಮನೆಯಲ್ಲಿ ಕಾಕವಿಗೇನು ಕೊರತೆ? ಬೆರಳಿಗೆ ಹಚ್ಚಿಕೊಂಡು ವಸಡಿಗೆ ಉಜ್ಜಿದೆ. ಹೆಂಡತಿ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಹೊಟ್ಟೆಗೆ ಒತ್ತಿದಳು. ಹತ್ತು ನಿಮಿಷ ಆಗಿರಬಹುದು, ನಾಲಿಗೆ ಹೊರಗೆ ಬಂತು, ನನ್ನ ಬೆರಳು ನೆಕ್ಕಿದ. ಬೆಳಕು ಹರಿದ ಕೂಡಲೇ ದವಾಖಾನೆಗೆ ಓಡಿದೆವು.

ಮರಿ ಸಣ್ಣದಾದಷ್ಟೂ ಮೈಯಲ್ಲಿ ಕೂಡಿಟ್ಟ ಶಕ್ತಿ ಕಡಿಮೆ, ಒಂದು ಹೊತ್ತು ತಪ್ಪಿದರೂ ಸಕ್ಕರೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ ತಿನ್ನಿಸಿ. ಮಲಗುವ ಮುಂಚೆ ಒಮ್ಮೆ ತಪ್ಪದೆ. ಕತ್ತಿಗೆ ಬೆಲ್ಟ್ ಹಾಕಿ ಎಳೆಯಬೇಡಿ, ಶ್ವಾಸನಾಳ ಮೆತ್ತಗಿರುತ್ತದೆ, ಎದೆಗೆ ಹಾಕುವ ಪಟ್ಟಿ ತನ್ನಿ. ಸೋಫಾದಿಂದ ಜಿಗಿದರೂ ಕಾಲು ಮುರಿಯುವ ನಾಯಿ ಇದು. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಒಯ್ಯಲೇಬೇಡಿ.

ಹೋದ ವಾರ ಒಬ್ಬ ಹುಡುಗ ಜಮಖಂಡಿಯಿಂದ ಬಂದಿದ್ದ. ಮಾರುವವನು ಮರಿಯ ಜೊತೆ ಹೊರಗೆ ಬೈಕಿನ ಮೇಲೆ ಕೂತಿದ್ದ, ರೇಟ್ 40,000, ವಯಸ್ಸು ಮೂರು ತಿಂಗಳು. ತಕ್ಕಡಿಯಲ್ಲಿ ಒಂದು ಕಿಲೋ ಎಂಟುನೂರು ತೋರಿಸಿತು. ದುಪ್ಪಟ್ಟು ಮಾಡಿದರೆ ಮೂರೂವರೆ ದಾಟುತ್ತದೆ. ಹುಡುಗ ಹೊರಗೆ ಹೋಗಿ ಅದನ್ನೇ ಹೇಳಿದ. 18,000ಕ್ಕೆ ಮುಗಿಯಿತು. ಮರಿ ಗಟ್ಟಿಮುಟ್ಟಾಗಿತ್ತು, ತಕ್ಕಡಿಯ ಮೇಲೆಯೇ ಒಂದು ಮಾಡಿತು ಕೂಡ.

ನೀವೂ ಬರುವುದಿದ್ದರೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬನ್ನಿ, ಸಂಜೆ ಗಿರಾಕಿ ಜಾಸ್ತಿ. ಹಾಸಲು ಒಂದು ಹಳೆ ಪೇಪರ್ ನೀವೇ ತನ್ನಿ.